ಹಗ್ಗ ಎಳೆಯುವವರಿಗೆ ಸ್ವಾಗತ: ಫ್ರೀಮಾಂಟಿನ ಆರ್ಡನ್‌ವುಡ್ ತೋಟ

ಕೊಟ್ಟಿಗೆಯ ಮಾಡಿನ ತುದಿಯಲ್ಲೊಂದು ರಾಟೆ. ಅದರ ಮೇಲಿಂದ ಇಳಿದ ದಪ್ಪ ಹಗ್ಗದ ಒಂದು ಕೊನೆಗೆ ಒಣಹುಲ್ಲಿನ ಹೊರೆ, ಇನ್ನೊಂದು ಕೊನೆಗೆ ಸಾಲಾಗಿ ನಿಂತ ಮಕ್ಕಳು. ಪಾರ್ಕಿನ ಸಿಬ್ಬಂದಿ ಕೈ ಎತ್ತಿದ್ದೇ ತಡ, ಎಲ್ಲರೂ ಹಿಂದಕ್ಕೆ ವಾಲಿ ಎಳೆಯತೊಡಗುತ್ತಾರೆ. ಹೊರೆ ತುಸು ಅಲ್ಲಾಡುತ್ತದೆ, ನೆಲ ಬಿಡುತ್ತದೆ, ಅಟ್ಟದ ಬಾಗಿಲಿನವರೆಗೂ ಏರುತ್ತದೆ. ಸಾಲಿನ ನಡುವೆ ಒಬ್ಬಿಬ್ಬರು ಅಪ್ಪಂದಿರೂ ಸೇರಿಕೊಂಡಿರುತ್ತಾರೆ. ನೂರು ವರ್ಷದ ಹಿಂದಿನ ತೋಟಗಳಲ್ಲಿ ಈ ಕೆಲಸ ಕುದುರೆಗಳ ಪಾಲಿನದಾಗಿತ್ತು.

ಇದು ನಡೆಯುವುದು ಸಿಲಿಕಾನ್ ಕಣಿವೆಯ ಮಗ್ಗುಲಲ್ಲೇ. ಕ್ಯಾಲಿಫೋರ್ನಿಯದ ಫ್ರೀಮಾಂಟ್ ನಗರದಲ್ಲಿ, ಡಂಬಾರ್ಟನ್ ಸೇತುವೆಗೆ ಓಡುವ 84ನೇ ಹೆದ್ದಾರಿಯ ಪಕ್ಕಕ್ಕೆ, 205 ಎಕರೆಯ ಆರ್ಡನ್‌ವುಡ್ ಹಿಸ್ಟಾರಿಕ್ ಫಾರ್ಮ್ ಇದೆ. ಸೇತುವೆ ದಾಟಿದರೆ ಫೇಸ್‌ಬುಕ್‌ನ ಕೇಂದ್ರ ಕಚೇರಿ. ಇತ್ತ ಕಡೆ ಹಂದಿ, ಮೇಕೆ, ಕುರಿ, ಕೋಳಿ, ಓಟ್ಸ್ ಹುಲ್ಲು, ಮುಸುಕಿನ ಜೋಳ. ಹಳೆಯ ಸಾಮಾನುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸುವ ವಸ್ತುಸಂಗ್ರಹಾಲಯಗಳು ಅಮೆರಿಕದಲ್ಲಿ ಬೇಕಾದಷ್ಟಿವೆ. ಆರ್ಡನ್‌ವುಡ್‌ನ ರೀತಿ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯ ಬೇಸಾಯವನ್ನು ಇಲ್ಲಿ ನೋಡಿಸುವುದಕ್ಕಿಂತ ಹೆಚ್ಚಾಗಿ ಮಾಡಿಸುತ್ತಾರೆ. ಬಂದವರು ಆಳುಗಳಾಗುತ್ತಾರೆ.

ತೋಟದ ಮೂಲ ಪುರುಷ ಜಾರ್ಜ್ ಪ್ಯಾಟರ್ಸನ್. 1849ರಲ್ಲಿ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಕ್ಕೆ ಓಡಿಬಂದ ಸಹಸ್ರಾರು ಜನರಲ್ಲಿ ಅವನೂ ಒಬ್ಬ. ಗಣಿಯಲ್ಲಿ ಅದೃಷ್ಟ ಖುಲಾಯಿಸಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡಕ್ಕೆ ಬಂದು ಕೂಲಿ ಮಾಡಿದ, ಆಮೇಲೆ ತುಂಡು ತುಂಡಾಗಿ ಜಮೀನು ಕೊಂಡ. ಕೊನೆಗೆ ಆ ಆಸ್ತಿ ಸುಮಾರು ಆರು ಸಾವಿರ ಎಕರೆಗೆ ಬೆಳೆಯಿತು. ಚಿನ್ನ ತೋಡುವವನಿಗಿಂತ ಅವನ ಊಟಕ್ಕೆ ಗೋಧಿ ಬೆಳೆದವನು ಹೆಚ್ಚು ಗಳಿಸಿದ ಕಾಲ ಅದು. 1857ರಲ್ಲಿ ಕಟ್ಟಿದ ಸರಳ ಮನೆಗೆ 1889ರಲ್ಲಿ ಗೋಪುರ, ಅಗಲ ಜಗುಲಿ, ಕೆತ್ತನೆಯ ಮರಗೆಲಸ ಸೇರಿದವು. ಆ ಹೊತ್ತಿಗೆ ಪ್ಯಾಟರ್ಸನ್ ಊರಿನ ದೊಡ್ಡ ಕುಳ. ಷೇಕ್ಸ್‌ಪಿಯರನ ನಾಟಕದ ಕಾಡಿನ ಹೆಸರು ತೋಟಕ್ಕೆ ಬಂದದ್ದೂ ಈ ಕುಟುಂಬದಿಂದಲೇ.

ಆರು ಸಾವಿರ ಎಕರೆಯಲ್ಲಿ ಉಳಿದದ್ದು 205. ಉಳಿದ ನೆಲ ಎಲ್ಲಿ ಹೋಯಿತು ಎಂಬುದಕ್ಕೆ ಬೇಲಿಯಾಚೆ ಕಣ್ಣು ಹಾಯಿಸಿದರೆ ಸಾಕು. 1956ರಲ್ಲಿ ಸೆಂಟರ್‌ವಿಲ್, ನೈಲ್ಸ್, ಇರ್ವಿಂಗ್ಟನ್, ಮಿಷನ್ ಸ್ಯಾನ್ ಹೋಸೆ, ವಾರ್ಮ್ ಸ್ಪ್ರಿಂಗ್ಸ್ ಎಂಬ ಐದು ಸಣ್ಣ ಊರುಗಳು ಕೂಡಿ ಫ್ರೀಮಾಂಟ್ ನಗರವಾಯಿತು. 2020ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ 2.3 ಲಕ್ಷ ದಾಟಿತ್ತು. ಹೂಕೋಸು, ಟೊಮೆಟೊ ಬೆಳೆಯುತ್ತಿದ್ದ ಕಪ್ಪು ಮಣ್ಣಿನ ಮೇಲೆ ಬಡಾವಣೆ, ಶಾಲೆ, ಕಚೇರಿಗಳು ಎದ್ದವು. ಮನೆಯ ಸುತ್ತಲಿನ ಭಾಗವನ್ನಾದರೂ ಉಳಿಸಬೇಕೆಂದು ಊರಿನವರು ಪಟ್ಟು ಹಿಡಿದರು. ಜಾಗ ನಗರದ ಕೈಗೆ ಬಂತು. 1985ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಇಂದು ಪ್ಯಾಟರ್ಸನ್ ಮನೆಯ ಒಳಗಿನ ಪ್ರವಾಸ ನಗರಾಡಳಿತದ ಹೊಣೆ, ಹೊಲ ಮತ್ತು ಪ್ರಾಣಿಗಳು ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಸಂಸ್ಥೆಯ ಹೊಣೆ.

ಬೇಸಿಗೆ ಈ ತೋಟದ ಸುಗ್ಗಿ. ಜೂನ್ ತಿಂಗಳಿಂದ ಆಗಸ್ಟ್ ಮಧ್ಯದ ಹೊತ್ತಿನವರೆಗೆ ಶಾಲೆಗಳಿಗೆ ರಜೆ. ಕರ್ನಾಟಕದಲ್ಲಿ ಮಳೆ ಹಿಡಿಯುವ ಈ ತಿಂಗಳುಗಳಲ್ಲಿ ಇಲ್ಲಿ ಹೆಚ್ಚುಕಡಿಮೆ ಹನಿ ನೀರೂ ಬೀಳುವುದಿಲ್ಲ. ಮಳೆಗಾಲವೇನಿದ್ದರೂ ನವೆಂಬರಿನಿಂದ ಮಾರ್ಚ್. ಹಾಗಾಗಿ ವಸಂತದಲ್ಲಿ ಎದೆಯೆತ್ತರ ಬೆಳೆದ ಹುಲ್ಲನ್ನು ಕೊಯ್ದು, ಹೊಲದಲ್ಲೇ ಒಣಗಲು ಬಿಟ್ಟು, ನೆನೆಯುವ ಭಯವಿಲ್ಲದೆ ಅಟ್ಟಕ್ಕೇರಿಸಬಹುದು. ಮಕ್ಕಳು ಎಳೆಯುವ ಹಗ್ಗದ ಕಾರ್ಯಕ್ರಮ ಹುಟ್ಟಿದ್ದೇ ಈ ಹವೆಯಿಂದ. ಹೀಗೆ ಅಟ್ಟ ಸೇರಿದ ಹುಲ್ಲೇ ಚಳಿಗಾಲದಲ್ಲಿ ದನಕರುಗಳಿಗೆ ಹಾಕುವ ಮೇವು. ಅಂದರೆ ಹಗ್ಗ ಎಳೆಯುವುದು ಆಟದಂತೆ ಕಂಡರೂ ತೋಟದ ಲೆಕ್ಕದಲ್ಲಿ ಕೆಲಸವೇ.

ಪ್ರಾಣಿಗಳ ಕೆಲಸವೂ ಹಾಗೆಯೇ. ನಿಗದಿತ ಹೊತ್ತಿಗೆ ಸಿಬ್ಬಂದಿಯೊಬ್ಬರು ಬಕೆಟ್ಟು ಹಿಡಿದು ಹೊರಟರೆ ಅವರ ಹಿಂದೆ ಮೂರು ವರ್ಷದವರಿಂದ ಎಪ್ಪತ್ತು ವರ್ಷದವರವರೆಗೆ ಮೆರವಣಿಗೆ. ಕೋಳಿಗೂಡಿನಲ್ಲಿ ಮೊಟ್ಟೆ ಹುಡುಕಬೇಕು, ಮೇಕೆಗಳಿಗೆ ಹುಲ್ಲು ಹಾಕಬೇಕು, ಹಂದಿಯ ತೊಟ್ಟಿಗೆ ನೀರು ತುಂಬಬೇಕು. ಕೋಳಿಯನ್ನು ಹೇಗೆ ಹಿಡಿಯಬೇಕು, ಕುರಿಯ ಹತ್ತಿರ ಯಾವ ಕಡೆಯಿಂದ ಹೋಗಬೇಕು ಎಂದು ಮೊದಲೇ ಹೇಳಿಕೊಡುತ್ತಾರೆ. ಮೊಟ್ಟೆಯ ಬಿಸಿ ಅಂಗೈಗೆ ತಾಕಿದಾಗ ಬೆಚ್ಚಿ ಕೈ ಹಿಂತೆಗೆಯುವ ಮಕ್ಕಳೂ ಇರುತ್ತಾರೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಮೊಟ್ಟೆ ಮಾತ್ರ ಅವರಿಗೆ ಗೊತ್ತು.

ಅಡುಗೆಮನೆಯಲ್ಲಿ ಸೌದೆ ಒಲೆ. ಬೀಡು ಕಬ್ಬಿಣದ ಆ ಒಲೆಗೆ ಗುಂಡಿಯಿಲ್ಲ, ಉಷ್ಣತೆ ತೋರಿಸುವ ಮುಳ್ಳೂ ಇಲ್ಲ. ಉರಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ಕೈ ಚಾಚಿಯೇ ಅಳೆಯಬೇಕು. ತೋಟದಲ್ಲಿ ಆ ವಾರ ಏನು ಬೆಳೆದಿದೆಯೋ ಅದೇ ಅಡುಗೆ. ಪಕ್ಕದಲ್ಲಿ ಮಕ್ಕಳು ಗಾಜಿನ ಶೀಸೆಯಲ್ಲಿ ಕೆನೆ ತುಂಬಿ ಕುಲುಕುತ್ತಿರುತ್ತಾರೆ. ಐದು ನಿಮಿಷ ಏನೂ ಆಗುವುದಿಲ್ಲ, ಕೈ ಸೋತು ಶೀಸೆ ಮುಂದಿನವರಿಗೆ ಹೋಗುತ್ತದೆ. ಕೊನೆಗೊಮ್ಮೆ ದಢಕ್ಕನೆ ಶಬ್ದ ಬದಲಾಗಿ ಬೆಣ್ಣೆ ಮುದ್ದೆಗಟ್ಟುತ್ತದೆ. ಐಸ್‌ಕ್ರೀಮಿನ ದಿನ ನೂಕುನುಗ್ಗಲು ಇನ್ನೂ ಜಾಸ್ತಿ. ಮರದ ಪೀಪಾಯಿಯಲ್ಲಿ ಐಸು, ಐಸಿನ ಮೇಲೆ ಕಲ್ಲುಪ್ಪು, ನಡುವೆ ಹಾಲು ಸಕ್ಕರೆ ತುಂಬಿದ ಡಬ್ಬ. ಉಪ್ಪು ಬೆರೆತ ಐಸು ಸೊನ್ನೆ ಡಿಗ್ರಿಗಿಂತಲೂ ಕೆಳಗಿನ ಚಳಿಗೆ ಇಳಿಯುತ್ತದೆ, ಅದರಿಂದಲೇ ಹಾಲು ಹೆಪ್ಪುಗಟ್ಟುತ್ತದೆ. ಈ ವಿಜ್ಞಾನವನ್ನು ಸಿಬ್ಬಂದಿ ವಿವರಿಸುತ್ತಿರುವಾಗ ಹಿಡಿ ತಿರುಗಿಸುವ ಸರದಿಗಾಗಿ ಜಗಳ ನಡೆದಿರುತ್ತದೆ.

ಗೋಧಿಯ ಕತೆ ಇನ್ನೂ ಉದ್ದ. ತೆನೆ ಬಡಿದು, ತೂರಿ, ಹೊಟ್ಟು ಬೇರೆ ಮಾಡಿ, ಕಾಳನ್ನು ಕೈಗಿರಣಿಗೆ ಹಾಕಿ ತಿರುಗಿಸಿದರೆ ಅರ್ಧ ಗಂಟೆಯಲ್ಲಿ ಸಿಗುವುದು ಒಂದೆರಡು ಹಿಡಿ ಹಿಟ್ಟು. ಒಂದು ಬ್ರೆಡ್ಡಿಗೆ ಎಷ್ಟು ತಿರುವು ಬೇಕು ಎಂದು ಮಕ್ಕಳೇ ಲೆಕ್ಕ ಹಾಕತೊಡಗುತ್ತಾರೆ. ಒಣಗಿದ ಜೋಳದ ತೆನೆಯನ್ನು ಯಂತ್ರದ ಬಾಯಿಗೆ ಕೊಟ್ಟು ಹಿಡಿ ತಿರುಗಿಸಿದರೆ ಕಾಳು ಒಂದು ಕಡೆ ಸುರಿಯುತ್ತದೆ, ಬೆಂಡು ಇನ್ನೊಂದು ಕಡೆ ಹಾರುತ್ತದೆ. ಕಾಳು ಕೋಳಿಗೆ. ಹೀಗೆ ಒಂದು ಕೆಲಸದ ಕೊನೆ ಇನ್ನೊಂದು ಕೆಲಸದ ಮೊದಲಾಗುವುದನ್ನು ಯಾರೂ ಬೋರ್ಡಿನ ಮೇಲೆ ಬರೆದು ಕಲಿಸಬೇಕಾಗಿಲ್ಲ.

ಕುಲುಮೆಯಲ್ಲಿ ಕಮ್ಮಾರ ಕಾದ ಕಬ್ಬಿಣವನ್ನು ಕೊಕ್ಕೆಯಾಗಿ ಬಗ್ಗಿಸುವುದನ್ನು ಮಾತ್ರ ದೂರದಿಂದ ನೋಡಬೇಕು. ಹುಲ್ಲುಹಾಸಿನಲ್ಲಿ ಮರಗಾಲು, ಕೋಲಿನಿಂದ ಉರುಳಿಸುವ ಬಳೆ, ಗೋಣಿಚೀಲದ ಓಟ. ಬ್ಯಾಟರಿ ಬೇಕಿಲ್ಲದ ಆಟಿಕೆಗಳಿವು. ಮರಗಾಲಿನ ಮೇಲೆ ನಾಲ್ಕು ಹೆಜ್ಜೆ ಇಟ್ಟವರು ಆ ದಿನದ ವೀರರು.

ತೋಟದ ಇನ್ನೊಂದು ಆಕರ್ಷಣೆ ಪುಟ್ಟ ರೈಲು. 1870ರ ದಶಕದಲ್ಲಿ ಹಾಕಿದ ಸೌತ್ ಪೆಸಿಫಿಕ್ ಕೋಸ್ಟ್ ರೈಲ್ವೆಯ ಮೂರಡಿ ಅಗಲದ ಹಳಿ ಈ ಜಮೀನನ್ನು ಹಾದುಹೋಗುತ್ತಿತ್ತು. ಪಕ್ಕದ ನ್ಯೂವರ್ಕ್ ಊರಿನಲ್ಲಿ ಕಾರ್ಟರ್ ಸಹೋದರರ ಕಾರ್ಖಾನೆ ಮರದ ಬೋಗಿಗಳನ್ನು ಕಟ್ಟುತ್ತಿತ್ತು. ಅಳಿದುಳಿದ ಆ ಬೋಗಿಗಳನ್ನು ಹುಡುಕಿ ತಂದು ರಿಪೇರಿ ಮಾಡುವ ಸ್ವಯಂಸೇವಕರ ಸಂಘ ಇಲ್ಲೇ ಬೀಡುಬಿಟ್ಟಿದೆ. ಹಿಂದೆ ಈ ಗಾಡಿಯನ್ನು ದೈತ್ಯ ಕುದುರೆಗಳು ಎಳೆಯುತ್ತಿದ್ದವು, ಈಗ ಸಣ್ಣ ಎಂಜಿನ್. ಹಳಿಯ ಇಕ್ಕೆಲದಲ್ಲಿ ನೀಲಗಿರಿ ಮರಗಳ ತೋಪು. ಆಸ್ಟ್ರೇಲಿಯದಿಂದ ನಮ್ಮ ಊಟಿಗೂ ಕ್ಯಾಲಿಫೋರ್ನಿಯಕ್ಕೂ ಹೆಚ್ಚುಕಡಿಮೆ ಒಂದೇ ಶತಮಾನದಲ್ಲಿ ಬಂದ ಮರ ಅದು. ಇದರ ನೆರಳಿಗೆ ಚಳಿಗಾಲದಲ್ಲಿ ಮೊನಾರ್ಕ್ ಚಿಟ್ಟೆಗಳು ವಲಸೆ ಬರುತ್ತಿದ್ದವು. ಅವುಗಳ ಸ್ಥಿತಿ ಈಗ ಚಿಂತಾಜನಕ. 2020ರ ಎಣಿಕೆಯಲ್ಲಿ ಪಶ್ಚಿಮ ಕರಾವಳಿಯುದ್ದಕ್ಕೂ ಸಿಕ್ಕ ಒಟ್ಟು ಮೊನಾರ್ಕ್‌ಗಳು ಎರಡು ಸಾವಿರಕ್ಕೂ ಕಡಿಮೆ.

ತೋಟದ ಸೊಗಸಿನ ಹಿಂದೆ ಇನ್ನೊಂದು ಇತಿಹಾಸವಿದೆ. ಪ್ಯಾಟರ್ಸನ್‌ಗಿಂತ ಸಾವಿರಾರು ವರ್ಷ ಮೊದಲೇ ಇಲ್ಲಿ ಓಲೋನಿ ಜನರಿದ್ದರು. 1797ರಲ್ಲಿ ಸ್ಪೇನಿನ ಪಾದ್ರಿಗಳು ಮಿಷನ್ ಸ್ಯಾನ್ ಹೋಸೆ ಕಟ್ಟಿದ ಮೇಲೆ ಓಲೋನಿಗಳ ಬದುಕು ಚದುರಿಹೋಯಿತು. ಗೋಪುರದ ಮನೆಯ ವೈಭವಕ್ಕೆ ಬೆವರು ಸುರಿಸಿದವರು ಓಲೋನಿಗಳು, ಚೀನೀಯರು, ಅಝೋರ್ಸ್ ದ್ವೀಪದ ಪೋರ್ಚುಗೀಸರು, ಆಮೇಲೆ ಮೆಕ್ಸಿಕನ್ನರು. ಓಲೋನಿಗಳ ಕತೆ ಕೇಳಬೇಕಾದರೆ ಕಾರಿನಲ್ಲಿ ಕೆಲವೇ ನಿಮಿಷ ದೂರದ ಕೊಯೊಟಿ ಹಿಲ್ಸ್ ಪಾರ್ಕಿಗೆ ಹೋಗಬೇಕು. ಅದೂ ಇದೇ ಸಂಸ್ಥೆಯದು. ಅವರ ಹಳೆಯ ವಾಸದ ನೆಲೆ ಅಲ್ಲಿ ಉಳಿದಿದೆ.

ಇಂದು ಹಗ್ಗ ಹಿಡಿಯುವ ಕೈಗಳಲ್ಲಿ ಕನ್ನಡಿಗರವೂ ಇವೆ. ಫ್ರೀಮಾಂಟ್ ಮತ್ತು ಸುತ್ತಲಿನ ಊರುಗಳಲ್ಲಿ ಭಾರತೀಯ ಕುಟುಂಬಗಳು ದಟ್ಟವಾಗಿವೆ. ಉತ್ತರ ಕ್ಯಾಲಿಫೋರ್ನಿಯ ಕನ್ನಡ ಕೂಟ ಬೇರೂರಿರುವುದೂ ಈ ಕೊಲ್ಲಿಯ ಸುತ್ತಲೇ. ಮಗಳ ಮನೆಗೋ ಮಗನ ಮನೆಗೋ ಆರು ತಿಂಗಳಿಗೆಂದು ಊರಿನಿಂದ ಹಿರಿಯರು ಬರುವುದೂ ಹೆಚ್ಚಾಗಿ ಬೇಸಿಗೆಯಲ್ಲೇ. ಮಾಲ್‌ಗಳಲ್ಲಿ ಮೊಮ್ಮಕ್ಕಳ ಹಿಂದೆ ನಡೆಯುವ ಅಜ್ಜ ಇಲ್ಲಿ ಮುಂದೆ ನಡೆಯುತ್ತಾರೆ. ತೂರುವಾಗ ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕೆಂದು, ಬೆಣ್ಣೆ ಬರುವ ಹೊತ್ತಿಗೆ ತಣ್ಣೀರು ಚಿಮುಕಿಸಬೇಕೆಂದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಕಣ, ಮೊರ, ಕಡೆಗೋಲು ಎಂಬ ಮಾತುಗಳು ಕನ್ನಡ ಶಾಲೆಯ ಪುಸ್ತಕದಿಂದ ಹೊರಗೆ ಬಂದು ವಸ್ತುಗಳಾಗುತ್ತವೆ. ತಮ್ಮ ಊರಿನಲ್ಲೇ ಈಗ ಕಣ ಕಾಣದಾಗಿ ಒಕ್ಕಣೆ ಯಂತ್ರ ಬಂದಿದೆ ಎಂಬುದನ್ನೂ ಅಜ್ಜಂದಿರು ಮುಚ್ಚಿಡುವುದಿಲ್ಲ.

ಇಷ್ಟಕ್ಕೆಲ್ಲ ಹಣ ಕೊಡುವವರು ಯಾರು? ಉತ್ತರ 1934ರಲ್ಲಿದೆ. ಮಹಾ ಆರ್ಥಿಕ ಕುಸಿತದ ನಡುವೆ, ಕೆಲಸವಿಲ್ಲದೆ ಜನ ಸಾಲುಗಟ್ಟಿ ನಿಂತಿದ್ದ ಕಾಲದಲ್ಲಿ, ಓಕ್‌ಲೆಂಡ್, ಬರ್ಕ್ಲಿ ಮತ್ತಿತರ ಊರುಗಳ ಮತದಾರರು ಪಾರ್ಕಿಗಾಗಿ ತಮ್ಮ ಮೇಲೆ ತಾವೇ ತೆರಿಗೆ ಹಾಕಿಕೊಳ್ಳಲು ಒಪ್ಪಿ ಮತ ಹಾಕಿದರು. ಹೀಗೆ ಹುಟ್ಟಿದ ಪಾರ್ಕ್ ಡಿಸ್ಟ್ರಿಕ್ಟ್ ಇಂದು ಎರಡು ಕೌಂಟಿಗಳಲ್ಲಿ 70ಕ್ಕೂ ಹೆಚ್ಚು ಪಾರ್ಕುಗಳನ್ನೂ ಒಂದು ಲಕ್ಷ ಎಕರೆಗೆ ಮೀರಿದ ನೆಲವನ್ನೂ ನೋಡಿಕೊಳ್ಳುತ್ತಿದೆ. ಅದರ ಖರ್ಚಿನ ದೊಡ್ಡ ಪಾಲು ಇಂದಿಗೂ ಆಸ್ತಿ ತೆರಿಗೆಯಿಂದಲೇ ಬರುತ್ತದೆ. ಫ್ರೀಮಾಂಟಿನಲ್ಲಿ ಮನೆ ಕೊಂಡ ಎಂಜಿನಿಯರು ತನಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಆರ್ಡನ್‌ವುಡ್‌ನ ಹಂದಿಗಳಿಗೂ ಮೇವು ಹಾಕುತ್ತಿರುತ್ತಾನೆ.

ಇದೇ ಸಂಸ್ಥೆಯ ಇನ್ನೊಂದು ತೋಟ ಬರ್ಕ್ಲಿಯ ಬೆಟ್ಟದ ಮೇಲಿನ ಟಿಲ್ಡನ್ ಪಾರ್ಕಿನಲ್ಲಿದೆ. ‘ಲಿಟಲ್ ಫಾರ್ಮ್’ ಎಂಬ ಆ ಪುಟ್ಟ ಕೊಟ್ಟಿಗೆಯನ್ನು 1955ರಲ್ಲಿ ಕಟ್ಟಿದವರು ಬರ್ಕ್ಲಿ ಹೈಸ್ಕೂಲಿನಲ್ಲಿ ಬಡಗಿ ಕೆಲಸ ಕಲಿಯುತ್ತಿದ್ದ ಹುಡುಗರು. ಅಲ್ಲಿ ಮನೆಯಿಂದಲೇ ಮೇವು ಒಯ್ಯಬಹುದು, ಆದರೆ ಲೆಟಸ್ ಸೊಪ್ಪು ಮತ್ತು ಸೆಲರಿ ಮಾತ್ರ. ಬ್ರೆಡ್ಡು ಕೂಡದು, ಅದು ಪ್ರಾಣಿಗಳ ಹೊಟ್ಟೆ ಕೆಡಿಸುತ್ತದೆ. ದಕ್ಷಿಣಕ್ಕೆ ಸ್ಯಾನ್ ಹೋಸೆಯಲ್ಲಿ, ಎರಡು ಹೆದ್ದಾರಿಗಳು ಕೂಡುವಲ್ಲಿ, ಎಮ್ಮಾ ಪ್ರುಷ್ ಫಾರ್ಮ್ ಪಾರ್ಕ್ ಇದೆ. ಊರಿನ ಬೇಸಾಯದ ನೆನಪು ಉಳಿಯಲೆಂದು ಎಮ್ಮಾ ಪ್ರುಷ್ 1962ರಲ್ಲಿ ತಮ್ಮ ಜಮೀನನ್ನು ನಗರಕ್ಕೆ ದಾನ ಮಾಡಿದರು. ನಗರದ ನಡುವೆಯೇ ಹಂದಿ, ಕುರಿ ಸಾಕಲು ಶಾಲಾ ಮಕ್ಕಳಿಗೆ ಅಲ್ಲಿ ಜಾಗ ಸಿಗುತ್ತದೆ. ಅಪರೂಪದ ಹಣ್ಣಿನ ಮರಗಳ ತೋಪೂ ಅಲ್ಲಿದೆ.

ಆರ್ಡನ್‌ವುಡ್‌ಗೆ ಹೋಗುವವರಿಗೆ ಕೆಲವು ಮಾತು. ಸೋಮವಾರ ರಜೆ. ರೈಲು ಮತ್ತು ಹೆಚ್ಚಿನ ಚಟುವಟಿಕೆಗಳು ಸಾಮಾನ್ಯವಾಗಿ ಗುರುವಾರ, ಶುಕ್ರವಾರ ಮತ್ತು ಭಾನುವಾರ ಇರುತ್ತವೆ. ಉಳಿದ ದಿನ ತೋಟ ತೆರೆದಿದ್ದರೂ ಸದ್ದು ಕಡಿಮೆ, ಶುಲ್ಕವೂ ಕಡಿಮೆ. ಯಾವ ದಿನ ಐಸ್‌ಕ್ರೀಮು, ಯಾವ ದಿನ ಹುಲ್ಲು ಎಂಬ ಪಟ್ಟಿಯನ್ನು ಹೊರಡುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಸಾಕುನಾಯಿಗೆ ಪ್ರವೇಶವಿಲ್ಲ. ಬಿಸಿಲಿಗೆ ಟೋಪಿ, ಕೊಲ್ಲಿಯ ಕಡೆಯಿಂದ ಮಧ್ಯಾಹ್ನ ಬೀಸುವ ಗಾಳಿಗೆ ತೆಳು ಸ್ವೆಟರು, ಕೊಳೆಯಾದರೂ ಪರವಾಗಿಲ್ಲ ಎನ್ನುವ ಬೂಟು ಇರಲಿ. ಬುತ್ತಿ ಕಟ್ಟಿಕೊಂಡು ಹೋದರೆ ಮರದಡಿ ಮೇಜುಗಳಿವೆ.

ಬೇಸಿಗೆ ತಪ್ಪಿಸಿಕೊಂಡವರಿಗೆ ಅಕ್ಟೋಬರಿನ ಸುಗ್ಗಿ ಹಬ್ಬವಿದೆ. ಆಗ ಹೊಲದಲ್ಲಿ ತಲೆ ಎತ್ತಿ ನಿಂತ ಬಣ್ಣದ ಜೋಳ ಮತ್ತು ಪಾಪ್‌ಕಾರ್ನ್ ಜೋಳದ ಸಾಲಿಗೆ ಜನರನ್ನು ಬಿಡುತ್ತಾರೆ. ತೆನೆಯನ್ನು ಕೆಳಕ್ಕೆ ಬಗ್ಗಿಸಿ ತಿರುಚಿ ಮುರಿಯಬೇಕು. ಮುರಿದದ್ದನ್ನು ಮನೆಗೆ ಒಯ್ಯಬಹುದು. ಪಾಪ್‌ಕಾರ್ನ್ ತೆನೆಗಳನ್ನು ಇನ್ನೂ ಕೆಲವು ವಾರ ಒಣಗಲು ಬಿಡಬೇಕು, ಇಲ್ಲದಿದ್ದರೆ ಕಾಳು ಸರಿಯಾಗಿ ಅರಳುವುದಿಲ್ಲ.