ಬೇರಿಗೆ ಆಸರೆಯಾಗುವ ಚಾಪೆ

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತ ಅಪ್ಪಳಿಸಿದಾಗ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಕಾಯಬೇಕಿದ್ದ ಮಣ್ಣಿನ ಒಡ್ಡುಗಳು ಹಲವೆಡೆ ಕೊಚ್ಚಿಹೋದವು. ಕೆಲವೆಡೆ ನೀರು ಒಡ್ಡಿನ ತಲೆ ದಾಟಿ ಉಕ್ಕಿ, ಊರಿನ ಬದಿಯ ಇಳಿಜಾರಿನಲ್ಲಿ ಧುಮುಕಿ, ಅಲ್ಲಿಂದಲೇ ಮಣ್ಣನ್ನು ಕೊರೆಯಿತು. ಮುಂದೆ ಆ ಒಡ್ಡುಗಳನ್ನು ಎತ್ತರಿಸಿ ಕಟ್ಟಿದ ಎಂಜಿನಿಯರುಗಳು ಊರಿನ ಬದಿಗೆ ಬಹಳಷ್ಟು ಕಡೆ ಹೊದಿಸಿದ್ದು ಪ್ಲಾಸ್ಟಿಕ್ ಎಳೆಗಳ ಚಾಪೆ ಮತ್ತು ಹುಲ್ಲು. ಇದಕ್ಕೆ ಟರ್ಫ್ ರೀಇನ್ಫೋರ್ಸ್‌ಮೆಂಟ್ ಮ್ಯಾಟ್ ಎನ್ನುತ್ತಾರೆ.

ಹರಿಯುವ ನೀರು ತಳದ ಮಣ್ಣನ್ನು ತನ್ನ ಜೊತೆ ಎಳೆಯುತ್ತದೆ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ಅಗಲವಾದ ಕಾಲುವೆಯಲ್ಲಿ ನೀರು ಒಂದು ಮೀಟರ್ ಆಳವಿದ್ದರೆ, ತಳದ ಒಂದೊಂದು ಚದರ ಮೀಟರಿನ ಮೇಲೂ ಸುಮಾರು 10 ಕಿಲೋ ತೂಕದಷ್ಟು ಎಳೆತ ಬೀಳುತ್ತದೆ. ಇಳಿಜಾರು ಇಮ್ಮಡಿಯಾದರೆ ಎಳೆತವೂ ಇಮ್ಮಡಿ. ಚೆನ್ನಾಗಿ ಬೇರೂರಿದ ಹುಲ್ಲು ಇಷ್ಟನ್ನು ತಾಳಬಲ್ಲದು, ಆದರೆ ಎಷ್ಟು ಹೊತ್ತು? ಬ್ರಿಟನ್ನಿನ ನಿರ್ಮಾಣ ಉದ್ಯಮದ ಸಂಶೋಧನಾ ಸಂಸ್ಥೆ ಸಿರಿಯಾ (CIRIA) 1987ರಲ್ಲಿ ಪ್ರಕಟಿಸಿದ ಕೈಪಿಡಿಯ ಮುಖ್ಯ ಪಾಠ ಇದೇ: ಪ್ರವಾಹ ಗಂಟೆಗಟ್ಟಲೆ ಮುಂದುವರಿದಂತೆ ಹುಲ್ಲು ತಡೆಯಬಲ್ಲ ವೇಗ ಕುಗ್ಗುತ್ತಾ ಹೋಗುತ್ತದೆ. ಬೇರಿನ ನಡುವಿನ ಮಣ್ಣು ತೊಳೆದುಹೋಗಿ, ಕೊನೆಗೆ ಹುಲ್ಲು ಬುಡಸಮೇತ ಕಿತ್ತುಬರುತ್ತದೆ.

ಚಾಪೆ ನೆರವಾಗುವುದು ಇಲ್ಲಿ. ನೈಲಾನ್ ಅಥವಾ ಪಾಲಿಪ್ರೊಪಿಲೀನ್ ಎಳೆಗಳ ಈ ಹೊದಿಕೆ, ಒಣಗಿದ ತುಪ್ಪದಹೀರೆಯ ನಾರಿನಂತೆ, ಬಹುಪಾಲು ಟೊಳ್ಳು. ಆ ಟೊಳ್ಳಿನಲ್ಲಿ ಮಣ್ಣು ತುಂಬುತ್ತದೆ, ಬೇರು ಹೆಣೆದುಕೊಳ್ಳುತ್ತದೆ. ಹುಲ್ಲು ಚಿಗುರುವ ಮೊದಲೇ ಮಳೆಹನಿಯ ಏಟನ್ನು ತಡೆಯುವುದೂ ಅದೇ. ತೆಂಗಿನ ನಾರಿನ ಚಾಪೆ ಕೆಲವೇ ವರ್ಷಗಳಲ್ಲಿ ಕೊಳೆತು ಮಣ್ಣಾಗುತ್ತದೆ. ಹುಲ್ಲು ಒಂದೇ ಸಾಕಾಗುವ ಸಾಧಾರಣ ಇಳಿಜಾರಿಗೆ ನಾನಂತೂ ಅದನ್ನೇ ಆರಿಸುತ್ತೇನೆ. ಪ್ಲಾಸ್ಟಿಕ್ಕು ಮಣ್ಣಿನಲ್ಲೇ ಉಳಿಯುವ ವಸ್ತು. ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆಗಳಲ್ಲಿ ಹಾವುಗಳು ಸಿಕ್ಕಿ ಸಾಯುವುದೂ ಉಂಟು. ನೀರಿನ ರಭಸ ಹುಲ್ಲಿನ ಶಕ್ತಿಯನ್ನು ಮೀರುವ ಕಡೆಗಷ್ಟೇ ಪ್ಲಾಸ್ಟಿಕ್ ಚಾಪೆಯನ್ನು ಮೀಸಲಿಡಬೇಕು.

ಸೋಲು ಹೆಚ್ಚಾಗಿ ಹಾಸುವ ಕೆಲಸದಲ್ಲೇ ಹುಟ್ಟುತ್ತದೆ. ನೆಲವನ್ನು ಸಮ ಮಾಡಿ, ಕಲ್ಲು ಆಯ್ದು, ಚಾಪೆ ಮಣ್ಣಿಗೆ ಅಂಟಿ ಕೂರುವಂತೆ ಮೊಳೆ ಹೊಡೆಯಬೇಕು. ಮೇಲ್ತುದಿಯನ್ನು ಚರಂಡಿ ತೋಡಿ ಹೂಳಬೇಕು. ಮೇಲಿನ ಚಾಪೆಯ ಅಂಚು ಕೆಳಗಿನದರ ಮೇಲೆ ಬರಬೇಕು. ಅಡಿಗೆ ನೀರು ನುಗ್ಗಿತೋ, ಮೇಲೆ ಹಸಿರು ಕಾಣುತ್ತಿರುವಾಗಲೇ ಕೆಳಗೆ ಕೊರಕಲು ಬೆಳೆಯುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಚಾಪೆ ಕಾಯುವುದು ಮೇಲ್ಮಣ್ಣನ್ನು ಮಾತ್ರ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಕಂಡಂತೆ ಗುಡ್ಡವೇ ನೀರು ಕುಡಿದು ಕುಸಿಯುವಾಗ, ಜಾರುವ ಪದರ ಹುಲ್ಲಿನ ಬೇರು ಮುಟ್ಟದ ಆಳದಲ್ಲಿರಬಹುದು. ಘಟ್ಟದಲ್ಲಿ ರಸ್ತೆಗಾಗಿ ಗುಡ್ಡ ಕಡಿಯುವವರು ಮೊದಲು ಇಳಿಜಾರನ್ನು ತಗ್ಗಿಸಲಿ, ಒಳನೀರಿಗೆ ದಾರಿ ಮಾಡಲಿ. ಚಾಪೆಯ ಮಾತು ಆಮೇಲೆ.