ಹಸುವಿನ ಎದೆಬಡಿತ ತಾನಾಗಿ ಸರಿಹೋಯಿತು, ಯಜಮಾನರದ್ದು?



ಪ್ರತಿ ಸಲ ಕೆಚ್ಚಲು ಬಾವು, ಲಸಿಕೆ, ಖನಿಜ ಮಿಶ್ರಣದ ಬಗ್ಗೆ ಬರೆಯುವ ನಾನು ಈ ಸಲ ಸ್ವಲ್ಪ ದಾರಿ ಬಿಟ್ಟು ಬರೆಯುತ್ತಿದ್ದೇನೆ. ಕಾರಣ ಕಂಪ್ಲಿ ಕಡೆಯ ಒಂದು ಕೊಟ್ಟಿಗೆ.

ಅಲ್ಲಿ ಎಚ್.ಎಫ್. ಮಿಶ್ರತಳಿ ಹಸುವೊಂದು ಮೇವು ಬಿಟ್ಟಿತ್ತು. ಹೊಟ್ಟೆ ಉಬ್ಬಿತ್ತು, ಮೆಲುಕು ನಿಂತಿತ್ತು. ಎಡ ಮೊಣಕೈ ಹಿಂದೆ ಸ್ಟೆತಸ್ಕೋಪ್ ಇಟ್ಟರೆ ಬಡಿತಕ್ಕೆ ಲಯವೇ ಇಲ್ಲ. ಎರಡು ಬಡಿತ ಒಟ್ಟೊಟ್ಟಿಗೆ, ಆಮೇಲೆ ಒಂದು ತಡ, ಮತ್ತೆ ಮೂರು. ಅಜೀರ್ಣಕ್ಕೆ ಔಷಧ ಕೊಟ್ಟು, ರಕ್ತನಾಳಕ್ಕೆ ದ್ರಾವಣ ಹಾಕಿದೆ. ಎದೆಗೆಂದು ಏನನ್ನೂ ಕೊಡಲಿಲ್ಲ. ನಾಲ್ಕನೇ ದಿನ ಹೋದಾಗ ಹಸು ಮೆಲುಕು ಹಾಕುತ್ತಿತ್ತು. ಬಡಿತ ನಿಮಿಷಕ್ಕೆ 72, ಗಡಿಯಾರದ ಹಾಗೆ.

ಅರವತ್ತು ದಾಟಿದ ಯಜಮಾನರು ಆಗ ಕೇಳಿದರು: "ಸರ, ನನಗೂ ಇದೇ ಎದಿ ಬಡಿತದ ತೊಂದರಿ ಅಂತ ಡಾಕ್ಟ್ರು ಮಾತ್ರಿ ಕೊಟ್ಟಾರ. ಆಕಳಿಗೆ ಮಾತ್ರಿ ಇಲ್ದ ಸರಿಹೋತು. ನಾನ್ಯಾಕ ನುಂಗ್ಬೇಕ್ರಿ? ನಾಲ್ಕು ದಿನ ಆತು, ಬಿಟ್ಟೀನಿ."

ಅವರ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದೆ. 130 ದಾಟಿತ್ತು, ಲಯವೂ ಇರಲಿಲ್ಲ. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧ ಹೇಳುವವನಲ್ಲ. ಅವತ್ತೇ ಅವರ ಮಗನ ಬೈಕಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ಆದರೆ ಅವರ ಪ್ರಶ್ನೆ ನ್ಯಾಯವಾದದ್ದು, ಉತ್ತರ ಕೊಡಬೇಕು.

ಹಸುವಿನಲ್ಲಿ ಹೃದಯದ ಮೇಲಿನ ಕೋಣೆಗಳು ಹೀಗೆ ಅದುರುವುದಕ್ಕೆ ಸಾಮಾನ್ಯವಾಗಿ ಹೃದಯ ಕಾರಣವಲ್ಲ, ಹೊಟ್ಟೆ ಕಾರಣ. ಜೀರ್ಣಕ್ರಿಯೆ ಕೆಟ್ಟಾಗ ಮೆದುಳಿನಿಂದ ಹೊಟ್ಟೆಗೂ ಹೃದಯಕ್ಕೂ ಹೋಗುವ ನರದ ಒತ್ತಡ ಬದಲಾಗುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕ್ಲೋರೈಡ್ ಏರುಪೇರಾಗುತ್ತವೆ. ಹೊಟ್ಟೆ ಸರಿಯಾದರೆ ಕೆಲವು ದಿನಗಳಲ್ಲಿ ಲಯ ಮರಳುತ್ತದೆ. (ತಂತಿ, ಮೊಳೆ ನುಂಗಿ ಹೃದಯಕ್ಕೇ ಚುಚ್ಚಿದ್ದರೆ ಅದು ಬೇರೆ ಮಾತು. ಕುತ್ತಿಗೆಯ ರಕ್ತನಾಳ ಉಬ್ಬಿ, ಎದೆಯ ಮುಂಭಾಗ ಬಾತರೆ ತಡಮಾಡದೆ ನಮಗೆ ಫೋನ್ ಮಾಡಿ.)

ಮನುಷ್ಯರಲ್ಲಿ ಕಾರಣ ಹೆಚ್ಚಾಗಿ ಬಿ.ಪಿ., ಹೃದಯದ ಕವಾಟದ ತೊಂದರೆ, ವಯಸ್ಸು. ನಾಲ್ಕು ದಿನದಲ್ಲಿ ಹೋಗುವ ಕಾರಣಗಳಲ್ಲ ಇವು. ಮಾತ್ರೆ ರೋಗವನ್ನು ಕಿತ್ತುಹಾಕುವುದಿಲ್ಲ, ಬಡಿತವನ್ನು ಹಿಡಿದಿಡುತ್ತದೆ. "ಆರಾಮ ಇದೀನಿ" ಅನ್ನಿಸುವುದು ಮಾತ್ರೆ ಹಿಡಿದಿರುವುದರಿಂದ.

ಮೆಟೊಪ್ರೊಲಾಲ್, ಅಟೆನೊಲಾಲ್ ಜಾತಿಯ ಮಾತ್ರೆಗಳನ್ನು ಏಕಾಏಕಿ ಬಿಟ್ಟರೆ ಇನ್ನೂ ಒಂದು ಅಪಾಯವಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ಕಡಿದು ಕೊಚ್ಚಿಹೋದದ್ದು ನೆನಪಿರಬೇಕು. ಗೇಟಿನ ಹಿಂದೆ ತುಂಬಿ ನಿಂತಿದ್ದ ನೀರು ಒಮ್ಮೆಲೇ ನುಗ್ಗಿತು. ಈ ಮಾತ್ರೆಯೂ ಅಂಥ ಗೇಟು. ಗಾಬರಿ, ದುಡಿಮೆಯ ಹೊತ್ತಿನಲ್ಲಿ ಹೃದಯವನ್ನು ಓಡಿಸುವ ಅಡ್ರಿನಲಿನ್‌ಗೆ ಇದು ಅಡ್ಡ ನಿಂತಿರುತ್ತದೆ. ಅಡ್ಡ ನಿಂತಷ್ಟು ದಿನವೂ ಹೃದಯ ಆ ಅಡ್ರಿನಲಿನ್ ಹಿಡಿಯುವ ಕೊಂಡಿಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಗೇಟು ತಟ್ಟನೆ ಹೋದರೆ ಬಡಿತ ಮೊದಲಿದ್ದುದಕ್ಕಿಂತಲೂ ಮೇಲೇರಬಹುದು, ಎದೆನೋವೂ ಬರಬಹುದು. ಅದಕ್ಕೇ ನಿಲ್ಲಿಸಬೇಕಾದರೂ ವೈದ್ಯರು ಒಂದೆರಡು ವಾರ ಹಂತಹಂತವಾಗಿ ಇಳಿಸುತ್ತಾರೆ.

ಎಲ್ಲ ಮಾತ್ರೆಗಳೂ ಹೀಗೆ ಕೂಡಲೇ ತಿಳಿಸುವುದಿಲ್ಲ, ಮೋಸ ಇರುವುದು ಅಲ್ಲೇ. ಅಮಿಯೊಡರೋನ್ ಬಿಟ್ಟ ಮೇಲೂ ವಾರಗಟ್ಟಲೆ, ತಿಂಗಳುಗಟ್ಟಲೆ ದೇಹದಲ್ಲಿ ಉಳಿಯುತ್ತದೆ. "ಬಿಟ್ಟೆ, ಏನೂ ಆಗಲಿಲ್ಲ" ಅಂದುಕೊಂಡು ಮರೆತ ಮೇಲೆ ಬಡಿತ ಕೆಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರಂತೂ ನಾಡಿಯಲ್ಲಿ ಏನೂ ಗೊತ್ತಾಗದು. ಅದುರುವ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋದರೆ ಲಕ್ವ.

ನಾಡಿ ಎಣಿಸುವುದು ಕಷ್ಟವಲ್ಲ. ಹಸುವಿಗೆ ಬಾಲದ ಬುಡದ ಅಡಿಯಲ್ಲಿ ಬೆರಳಿಡಿ, ಆರೋಗ್ಯವಾಗಿದ್ದರೆ ನಿಮಿಷಕ್ಕೆ ಸುಮಾರು 60ರಿಂದ 80. ನಿಮಗೆ ಹೆಬ್ಬೆರಳಿನ ಕಡೆಯ ಮಣಿಕಟ್ಟಿನಲ್ಲಿ, ಎರಡು ಬೆರಳಿಟ್ಟು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಲಯ ತಪ್ಪಿದ ಬಡಿತಕ್ಕೆ ಆ ಲೆಕ್ಕ ಸುಳ್ಳಾಗುತ್ತದೆ. ಒಂದು ಹೊತ್ತಿನ ಮಾತ್ರೆ ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬೇಡಿ. ಎದೆನೋವು, ಉಸಿರುಕಟ್ಟು, ತಲೆಸುತ್ತು, ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು ಕಂಡರೆ 108ಕ್ಕೆ ಫೋನ್ ಮಾಡಿ. ಹೊಸಪೇಟೆ, ಸಂಡೂರು, ಕಂಪ್ಲಿ ಯಾವುದು ಹತ್ತಿರವೋ ಅಲ್ಲಿಗೆ ಹೋಗಿ. ಸಂಜೆ ಹಾಲು ಹಾಕಿ ಹೋಗೋಣ ಅನ್ನಬೇಡಿ.

ಹಸುವಿನ ಗರ್ಭ ಪರೀಕ್ಷೆಗೆ ಮತ್ತೆ ಹೋದಾಗ ಮೊದಲು ಯಜಮಾನರೇ ಕೈ ಚಾಚಿದರು. 78 ಇತ್ತು. ಲಯ ಇನ್ನೂ ಸರಿಯಿಲ್ಲ, ಆದರೆ ಓಟವಿಲ್ಲ. ಮಾತ್ರೆ ಚೀಟಿಯನ್ನು ಸಂಘದ ಪಾಸ್‌ಬುಕ್ಕಿನೊಳಗೇ ಮಡಚಿಟ್ಟಿದ್ದರು. ಹಸು ಎರಡೂವರೆ ತಿಂಗಳ ಗಬ್ಬ.