ಸಂತರ ಚಿತ್ರಗಳನ್ನು ನೋಡೋಣ, ಸಂತರಂತೆ ಬಾಳೋಣ



ನವೆಂಬರ್ 1ರಂದು ಸಕಲ ಸಂತರ ಹಬ್ಬವನ್ನು ಆಚರಿಸುತ್ತೇವೆ. ಸಂತರೆಂದರೆ ಪೀಠದ ಮೇಲಿನ ಸ್ವರೂಪಗಳಷ್ಟೇ ಅಲ್ಲ. ನಮ್ಮಂತೆಯೇ ಹಸಿವು, ಭಯ, ನೋವುಗಳನ್ನು ಅರಿತವರು. ಇದನ್ನು ಮಕ್ಕಳಿಗೆ ಮನಗಾಣಿಸಲು ಒಳ್ಳೆಯ ಚಲನಚಿತ್ರಗಳು ನೆರವಾಗುತ್ತವೆ. ಈ ಹಬ್ಬಕ್ಕೆ ಎರಡನ್ನು ಸೂಚಿಸುತ್ತೇವೆ.

ಮೊದಲನೆಯದು 1999ರ ‘ಮೊಲೊಕಾಯ್’. 1873ರಲ್ಲಿ ಹವಾಯಿಯ ಆ ದ್ವೀಪಕ್ಕೆ ಹೋದ ಫಾದರ್ ಡೇಮಿಯನ್, ಸಮಾಜ ದೂರವಿಟ್ಟ ಕುಷ್ಠರೋಗಿಗಳ ಹುಣ್ಣು ತೊಳೆದರು, ಮನೆ ಕಟ್ಟಿದರು, ಸತ್ತವರನ್ನು ಮಣ್ಣು ಮಾಡಿದರು. ಅದೇ ರೋಗ ತಗುಲಿ 1889ರಲ್ಲಿ ನಿಧನರಾದರು. 2009ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು.

ಎರಡನೆಯದು 2023ರಲ್ಲಿ ತೆರೆಕಂಡ ಹಿಂದಿ ಚಿತ್ರ ‘ದಿ ಫೇಸ್ ಆಫ್ ದ ಫೇಸ್‌ಲೆಸ್’. ಕೇರಳದಲ್ಲಿ ಹುಟ್ಟಿದ ಸಿಸ್ಟರ್ ರಾಣಿ ಮರಿಯ, ಮಧ್ಯಪ್ರದೇಶದ ಉದಯನಗರದಲ್ಲಿ ಬಡ ಆದಿವಾಸಿಗಳನ್ನು ಬಡ್ಡಿಸಾಲದಿಂದ ಬಿಡಿಸಲು ದುಡಿದರು. ಅದನ್ನು ಸಹಿಸದವರು 1995ರ ಫೆಬ್ರವರಿ 25ರಂದು, ಬಸ್ಸಿನಲ್ಲಿ ಹೊರಟಿದ್ದ ಅವರನ್ನು ಇರಿದು ಕೊಲ್ಲಿಸಿದರು. ಕೊಂದ ಸಮಂದರ್ ಸಿಂಗ್‌ಗೆ ಅವರ ಒಡಹುಟ್ಟಿದ ತಂಗಿ ಸಿಸ್ಟರ್ ಸೆಲ್ಮಿ 2002ರಲ್ಲಿ ಸೆರೆಮನೆಗೇ ಹೋಗಿ ರಾಖಿ ಕಟ್ಟಿದರು. ಹೆತ್ತ ತಾಯಿಯೂ ಕ್ಷಮಿಸಿದರು. 2017ರಲ್ಲಿ ರಾಣಿ ಮರಿಯ ಪುನೀತೆಯಾದರು.

ಬದುವಿನ ಜಗಳಕ್ಕೆ ಅಣ್ಣತಮ್ಮಂದಿರೇ ಮಾತು ಬಿಟ್ಟ ಮನೆಗಳು ನಂಜನಗೂಡು, ತಿ. ನರಸೀಪುರದ ಹಳ್ಳಿಗಳಲ್ಲೂ ಇವೆ. ಆದ್ದರಿಂದ ಚಿತ್ರ ಮುಗಿದ ಮೇಲೆ ಟಿವಿ ಆರಿಸಿ, ಮನೆಯವರೆಲ್ಲ ಕೂತು ಕೇಳಿಕೊಳ್ಳೋಣ: ನಾವು ಯಾರನ್ನು ದೂರವಿಟ್ಟಿದ್ದೇವೆ? ಯಾರನ್ನು ಇನ್ನೂ ಕ್ಷಮಿಸಿಲ್ಲ? ತೀರಾ ಚಿಕ್ಕ ಮಕ್ಕಳಿಗೆ ಕಥೆಯನ್ನಷ್ಟೇ ಹೇಳಿದರೆ ಸಾಕು.

ಪೀಠಕ್ಕೆ ಕಾಣಿಕೆ ತರುವ ಮುನ್ನ ಸೋದರನೊಡನೆ ರಾಜಿಯಾಗಬೇಕೆಂದು ಪ್ರಭುವೇ ಕಲಿಸಿದ್ದಾರೆ (ಮತ್ತಾಯ 5:23-24). ಹಬ್ಬದ ಬಲಿಪೂಜೆಗೆ ಬರುವ ಮುನ್ನ ಆ ಮನೆಯ ಬಾಗಿಲನ್ನು ಒಮ್ಮೆ ತಟ್ಟೋಣ.